ಪೆಟ್ಟಿಗೆಯಲ್ಲೇ ಉಳಿದ ಶ್ರವಣಸಾಧನ: ಸಾಧನ ಕೊಟ್ಟ ಮೇಲೆ ಸಮಾಜಕಾರ್ಯಕರ್ತರ ಕೆಲಸ ಮುಗಿಯಿತೇ?

ಮೂಲ ಬರಹ: ಸಮಾಜಕಾರ್ಯಕರ್ತೆ, ಶಿವಮೊಗ್ಗ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಹೋದ ಮಳೆಗಾಲದಲ್ಲಿ ನೋಡಿದ ಒಂದು ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ತಾಲ್ಲೂಕಿನ ಒಂದು ಮನೆಗೆ ಅಜ್ಜನ ಪಿಂಚಣಿಯ ಕಾಗದಪತ್ರಗಳ ವಿಚಾರವಾಗಿ ಹೋಗಿದ್ದೆ. ಆ ಮನೆಯಲ್ಲಿ ಏಳು ವರ್ಷದ ಒಬ್ಬ ಹುಡುಗಿ ಇದ್ದಾಳೆ, ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳಿಸುವುದಿಲ್ಲ. ಮಾತಿನ ನಡುವೆ ಅವಳ ತಾಯಿ ಎದ್ದು ಹೋಗಿ, ದೇವರ ಗೂಡಿನ ಕೆಳಗಿನ ಮರದ ಪೆಟ್ಟಿಗೆಯಿಂದ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಒಂದು ಡಬ್ಬಿಯನ್ನು ತಂದು ನನ್ನ ಮುಂದಿಟ್ಟರು. ಅದರಲ್ಲಿ ಕಿವಿಯ ಹಿಂದೆ ಧರಿಸುವ ಎರಡು ಶ್ರವಣಸಾಧನಗಳಿದ್ದವು. ಎರಡು ವರ್ಷಗಳ ಹಿಂದೆ ಒಂದು ಶಿಬಿರದಲ್ಲಿ ಕೊಟ್ಟದ್ದಂತೆ. ಬ್ಯಾಟರಿಯ ಮುಚ್ಚಳ ತೆರೆದರೆ ಒಳಗೆಲ್ಲ ಬಿಳಿ ಪುಡಿ ಕಟ್ಟಿತ್ತು. ಕಿವಿಯೊಳಗೆ ಕೂರುವ ಅಚ್ಚನ್ನು ಮಗುವಿನ ಕಿವಿಗಿಟ್ಟು ನೋಡಿದೆ, ಸಡಿಲವಾಗಿ ಜಾರಿತು, ಏಕೆಂದರೆ ಮಗು ಬೆಳೆದಿದೆ, ಅಚ್ಚು ಬೆಳೆದಿಲ್ಲ. "ಹಾಳಾದರೆ ವಾಪಸ್ ಕೇಳುತ್ತಾರೇನೋ ಅಂತ ಜೋಪಾನವಾಗಿ ಎತ್ತಿಟ್ಟಿದ್ದೇನೆ" ಎಂದರು ಆ ತಾಯಿ.

ಅವರಲ್ಲಿ ನಿರ್ಲಕ್ಷ್ಯ ಎಳ್ಳಷ್ಟೂ ಇರಲಿಲ್ಲ. ಸರ್ಕಾರದ ವಸ್ತುವನ್ನು ಒಡವೆಯಂತೆ ಕಾಪಾಡಿದ್ದರು. ಅದನ್ನು ದಿನವಿಡೀ ಧರಿಸಬೇಕು, ಬ್ಯಾಟರಿ ವಾರ ಎರಡು ವಾರದಲ್ಲಿ ಮುಗಿಯುತ್ತದೆ, ಅಚ್ಚನ್ನು ಬದಲಿಸುತ್ತಿರಬೇಕು, ಮೊದಲ ದಿನಗಳಲ್ಲಿ ಮಗು ಕಿತ್ತೆಸೆದರೂ ಬಿಡದೆ ಅಭ್ಯಾಸ ಮಾಡಿಸಬೇಕು ಎಂಬುದನ್ನು ಅವರಿಗೆ ಅರ್ಥವಾಗುವಂತೆ ಕುಳಿತು ಹೇಳಿದವರು ಒಬ್ಬರೂ ಇರಲಿಲ್ಲ. ಶಿಬಿರದಲ್ಲಿ ಹೇಳಿರಬಹುದು. ಮುನ್ನೂರು ಜನರ ಸಾಲು, ಧ್ವನಿವರ್ಧಕ, ಅತಿಥಿಗಳ ಜೊತೆ ಛಾಯಾಚಿತ್ರ, ಊಟದ ಚೀಟಿ, ಇವುಗಳ ನಡುವೆ ಎಷ್ಟು ಕಿವಿಗೆ ಬಿದ್ದೀತು? ದಾಖಲೆಯಲ್ಲಿ ಮಾತ್ರ ಆ ಹುಡುಗಿಯ ಹೆಸರಿನ ಮುಂದೆ "ಸಾಧನ ವಿತರಿಸಲಾಗಿದೆ" ಎಂದಿದೆ, ಮತ್ತು ಅದು ಸುಳ್ಳಲ್ಲ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13,24,205 ಮಂದಿ ಅಂಗವಿಕಲರಿದ್ದರು, ಅವರಲ್ಲಿ 2,35,691 ಮಂದಿ ಶ್ರವಣದೋಷವುಳ್ಳವರು. ಸಾಧನ ಸಲಕರಣೆಗಳನ್ನು ಒದಗಿಸುವ ಕೇಂದ್ರದ ಅಡಿಪ್ ಯೋಜನೆ 1981ರಿಂದ ನಡೆಯುತ್ತಿದೆ. ಹಾಗಾಗಿ ಯೋಜನೆಯೇ ಇಲ್ಲ ಎನ್ನುವ ದೂರು ನನ್ನದಲ್ಲ. ಕೊಟ್ಟದ್ದನ್ನು ಎಣಿಸುವ ಪದ್ಧತಿ ನಮ್ಮಲ್ಲಿದೆ, ಬಳಸಿದ್ದನ್ನು ಎಣಿಸುವ ಪದ್ಧತಿ ಇಲ್ಲ, ಮತ್ತು ಕೊಡುವುದಕ್ಕೂ ಬಳಸುವುದಕ್ಕೂ ನಡುವಿನ ದಾರಿಯನ್ನು ನಡೆಯಬೇಕಾದವರು ಸಮಾಜಕಾರ್ಯಕರ್ತರು ಎಂಬುದನ್ನು ನಾವೇ ಮರೆತು ಶಿಬಿರದ ವ್ಯವಸ್ಥಾಪಕರಾಗಿಬಿಟ್ಟಿದ್ದೇವೆ ಎಂಬುದು ನನ್ನ ಸಂಕಟ. ನಿಮ್ಮ ನಿಮ್ಮ ಜಿಲ್ಲೆಗಳಲ್ಲಿ ಈ ದಾರಿಯನ್ನು ಯಾರು, ಹೇಗೆ ನಡೆಯುತ್ತಿದ್ದಾರೆ ಎಂಬುದನ್ನು ದಯವಿಟ್ಟು ಬರೆಯಿರಿ. ಆ ಹುಡುಗಿಗಾಗಿ ಈಗ ಏನು ಮಾಡಬಹುದೆಂಬ ಸಲಹೆಯೂ ಬೇಕು.

ಪ್ರತಿಕ್ರಿಯೆ 1: ಶ್ರವಣತಜ್ಞ, ಮೈಸೂರು

ನೀವು ಕಂಡ ಬಿಳಿ ಪುಡಿ ಬ್ಯಾಟರಿ ಸೋರಿ ಒಣಗಿದ್ದರ ಗುರುತು. ಒಳಗಿನ ಲೋಹದ ತುದಿಗಳು ತೀರಾ ಕೆಟ್ಟಿಲ್ಲದಿದ್ದರೆ ಅದನ್ನು ಶುಚಿಗೊಳಿಸಿ ಸಾಧನವನ್ನು ಮತ್ತೆ ಬಳಸಲು ಸಾಧ್ಯವಿದೆ, ಆದರೆ ಮನೆಯಲ್ಲಿ ಕೆರೆಯಲು ಹೋಗಬೇಡಿ, ತಜ್ಞರ ಬಳಿಗೇ ಒಯ್ಯಿರಿ. ಈ ಸಾಧನಗಳಲ್ಲಿ ಬಳಸುವ ಸತುವಿನ ಗುಂಡಿ ಬ್ಯಾಟರಿಯ ಮೇಲೆ ಒಂದು ಅಂಟುಕಾಗದ ಇರುತ್ತದೆ. ಅದನ್ನು ಕಿತ್ತ ಕ್ಷಣದಿಂದ ಗಾಳಿ ಒಳಹೊಕ್ಕು ಅದು ಕೆಲಸ ಆರಂಭಿಸುತ್ತದೆ. ಕಿತ್ತ ಮೇಲೆ ಒಂದೆರಡು ನಿಮಿಷ ಬಿಟ್ಟು ಹಾಕಬೇಕು, ಬಳಸದಿದ್ದರೂ ಅದು ಮುಗಿಯುತ್ತ ಹೋಗುತ್ತದೆ, ಹೀಗಾಗಿ ಕಾಗದ ಕಿತ್ತು ಎತ್ತಿಟ್ಟ ಬ್ಯಾಟರಿ ಉಳಿತಾಯವಾಗುವುದಿಲ್ಲ. ಮಲೆನಾಡಿನಲ್ಲಿ ಇನ್ನೊಂದು ತೊಂದರೆ ತೇವಾಂಶ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿ ಮಲಗುವಾಗ ಬ್ಯಾಟರಿಯನ್ನು ಬೇರ್ಪಡಿಸಿ, ತೇವ ಹೀರುವ ಸಿಲಿಕಾ ಹರಳುಗಳಿರುವ ಗಾಳಿಯಾಡದ ಡಬ್ಬಿಯಲ್ಲಿ ಸಾಧನವನ್ನು ಇಡಬೇಕು. ಬಚ್ಚಲೊಲೆಯ ಪಕ್ಕ, ಹೊಗೆಯಟ್ಟದ ಮೇಲೆ ಬೆಚ್ಚಗಿರುತ್ತದೆಂದು ಇಟ್ಟು ಹಾಳುಮಾಡಿಕೊಂಡವರನ್ನು ನಾನು ಕಂಡಿದ್ದೇನೆ.

ಅಚ್ಚಿನ ವಿಷಯ ಇನ್ನೂ ಮುಖ್ಯ. ಅಚ್ಚು ಸಡಿಲವಾದರೆ ಹೊರಬಂದ ಶಬ್ದ ಮತ್ತೆ ಮೈಕ್‌ಗೆ ಸೇರಿ ಸಾಧನ ಕೀರಲು ದನಿಯಲ್ಲಿ ಸೀಟಿ ಹೊಡೆಯುತ್ತದೆ. ಮಗುವಿಗೆ ಅದು ಕೇಳಿಸದೆ ಇರಬಹುದು, ಮನೆಯವರಿಗೆ ಕೇಳಿಸುತ್ತದೆ, ಮೆಷಿನ್ ಕೆಟ್ಟಿದೆ ಎಂದು ಎತ್ತಿಡುತ್ತಾರೆ. ಹಸುಳೆಗಳಿಗೆ ಕೆಲವೇ ತಿಂಗಳಿಗೊಮ್ಮೆ, ಬೆಳೆಯುವ ಮಕ್ಕಳಿಗೆ ವರ್ಷಕ್ಕೊಮ್ಮೆಯಾದರೂ ಹೊಸ ಅಚ್ಚು ಬೇಕು. ಅಡಿಪ್ ಯೋಜನೆಯಲ್ಲಿ ಒಮ್ಮೆ ಸಾಧನ ಪಡೆದವರು ಸಾಮಾನ್ಯವಾಗಿ ಮೂರು ವರ್ಷ ಕಾಯಬೇಕು, ಆದರೆ 12 ವರ್ಷದೊಳಗಿನ ಮಕ್ಕಳಿಗೆ ಆ ಅವಧಿ ಒಂದೇ ವರ್ಷ. ಎಂದರೆ ನಿಮ್ಮ ಹುಡುಗಿ ಈಗಾಗಲೇ ಹೊಸ ಸಾಧನಕ್ಕೆ ಅರ್ಹಳು. ಇದನ್ನು ಆ ತಾಯಿಗೆ ಮೊದಲು ತಿಳಿಸಿ. "ವಾಪಸ್ ಕೇಳುತ್ತಾರೆ" ಎಂಬ ಭಯ ಅದರಿಂದಲೇ ಹೋಗುತ್ತದೆ.

ವಯಸ್ಸಿನ ಕುರಿತು ಸುತ್ತಿ ಬಳಸದೆ ಹೇಳಬೇಕು. ನಮ್ಮ ಕ್ಷೇತ್ರದಲ್ಲಿ ಒಂದು, ಮೂರು, ಆರು ಎಂಬ ಲೆಕ್ಕವಿದೆ: ಹುಟ್ಟಿದ ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಚಿತ ನಿರ್ಧಾರ, ಆರು ತಿಂಗಳೊಳಗೆ ಸಾಧನ ಮತ್ತು ತರಬೇತಿ. ಮೊದಲ ಮೂರು ನಾಲ್ಕು ವರ್ಷಗಳಲ್ಲಿ ಮಿದುಳು ಭಾಷೆಯನ್ನು ಹೀರಿಕೊಳ್ಳುವಷ್ಟು ಸುಲಭವಾಗಿ ಆಮೇಲೆ ಹೀರಿಕೊಳ್ಳುವುದಿಲ್ಲ. ಏಳನೆಯ ವಯಸ್ಸಿನಲ್ಲಿ ಸಾಧನದಿಂದ ಉಪಯೋಗವಿದೆ, ಆದರೆ ಸ್ಪಷ್ಟ ಮಾತು ಬಂದೇ ಬರುತ್ತದೆ ಎಂಬ ಭರವಸೆಯನ್ನು ಯಾರೂ ಕೊಡಬಾರದು. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಸ್ಥಾಪನೆಯಾಯಿತು. ನಾಡಿನ ಮೂಲೆಮೂಲೆಗಳಿಂದ ಪೋಷಕರು ಅಲ್ಲಿಗೆ ಬರುತ್ತಾರೆ, ಮತ್ತು ಮೂರು ವರ್ಷ ದಾಟಿದ ಮೇಲೆ ಬರುವವರೇ ಇಂದಿಗೂ ಬಹಳ. ತಜ್ಞ ತನ್ನ ಕೊಠಡಿಯಲ್ಲಿ ಮಗುವನ್ನು ನೋಡುವುದು ಮುಕ್ಕಾಲು ಗಂಟೆ. ಮಗುವಿನ ಉಳಿದ ಕಾಲವೆಲ್ಲ ಮನೆಯದು.

ಪ್ರತಿಕ್ರಿಯೆ 2: ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಹಾವೇರಿ ಜಿಲ್ಲೆ

ಮಾನ್ಯರೇ, ನಾನು ಗ್ರಾಮ ಪಂಚಾಯಿತಿ ಮಟ್ಟದ ವಿ.ಆರ್.ಡಬ್ಲ್ಯೂ., ಎಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಚಿಕ್ಕಂದಿನಲ್ಲಿ ಪೋಲಿಯೊದಿಂದ ನನ್ನ ಎಡಗಾಲಿನ ಶಕ್ತಿ ಹೋಯಿತು. ನಮ್ಮ ರಾಜ್ಯದಲ್ಲಿ ಈ ಕೆಲಸಕ್ಕೆ ಅಂಗವಿಕಲರನ್ನೇ ಆಯ್ಕೆ ಮಾಡುವ ಪದ್ಧತಿ ಇದೆ, ಪಂಚಾಯಿತಿಗೊಬ್ಬರು ನಾವು, ತಾಲ್ಲೂಕಿಗೊಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ನಮ್ಮದು ಗೌರವಧನದ ಕೆಲಸ. ಮೂಲ ಬರಹದ ದಾರಿಯನ್ನು ನಡೆಯಬೇಕಾದವರು ನಾವೇ ಎಂಬುದನ್ನು ಒಪ್ಪುತ್ತೇನೆ. ಆದರೆ ನಮ್ಮ ದಿನ ಹೇಗೆ ಕಳೆಯುತ್ತದೆ ಎಂಬುದನ್ನೂ ಕೇಳಿ.

ಅಂಗವಿಕಲರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡಿನ ಅರ್ಜಿಯನ್ನು ಆನ್‌ಲೈನ್‌ನಲ್ಲಿ ಹಾಕಿಸುವುದು, ಹೆಬ್ಬೆರಳಿನ ಗುರುತು ಕೂಡದವರನ್ನು ಮತ್ತೆ ಮತ್ತೆ ಕರೆದೊಯ್ಯುವುದು, ವೈದ್ಯಕೀಯ ಮಂಡಳಿ ಕೂರುವ ದಿನ ಜಿಲ್ಲಾಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು, ಮಾಸಾಶನ ನಿಂತುಹೋದವರಿಗೆ ಕಾರಣ ಹುಡುಕಿಕೊಡುವುದು, ಇವುಗಳ ಜೊತೆಗೆ ಪಂಚಾಯಿತಿಯವರು ಹೇಳಿದ ಸಮೀಕ್ಷೆ, ತೆರಿಗೆ ವಸೂಲಿಯ ತಿಳಿವಳಿಕೆ, ಚುನಾವಣೆಯ ಸಮಯದಲ್ಲಿ ಮತಗಟ್ಟೆಯ ಗಾಲಿಕುರ್ಚಿ. ಪ್ರಮಾಣಪತ್ರದಲ್ಲಿ ಅಂಗವೈಕಲ್ಯ ಶೇಕಡಾ 40 ಇದ್ದರೆ ಸೌಲಭ್ಯದ ಬಾಗಿಲು ತೆರೆಯುತ್ತದೆ, 38 ಬಂದರೆ ಮುಚ್ಚುತ್ತದೆ. ಆ ಎರಡು ಅಂಕದ ಸಂಕಟವನ್ನು ಮನೆಯವರಿಗೆ ವಿವರಿಸುವುದರಲ್ಲೇ ಒಂದು ಸಂಜೆ ಹೋಗುತ್ತದೆ. ಈ ಎಲ್ಲದರ ಲೆಕ್ಕವನ್ನು ಮೇಲಿನವರು ಕೇಳುತ್ತಾರೆ. "ಕೊಟ್ಟ ಸಾಧನ ಬಳಕೆಯಲ್ಲಿದೆಯೇ" ಎಂಬ ಪ್ರಶ್ನೆಗೆ ನಾನು ತುಂಬುವ ಯಾವ ನಮೂನೆಯಲ್ಲೂ ಜಾಗವಿಲ್ಲ.

ಆದರೂ ಒಂದು ಕೆಲಸ ಮಾಡಿದ್ದೇವೆ, ಇತರರಿಗೆ ಉಪಯೋಗವಾಗಲಿ ಎಂದು ಬರೆಯುತ್ತೇನೆ. ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದ ಶೇಕಡಾ 5ನ್ನು ಅಂಗವಿಕಲರಿಗಾಗಿ ಮೀಸಲಿಡಬೇಕೆಂಬ ನಿಯಮವಿದೆ. ನಮ್ಮಲ್ಲಿ ಬಹುಕಾಲ ಆ ಹಣದಲ್ಲಿ ಒಮ್ಮೆ ಹೊಲಿಗೆ ಯಂತ್ರ, ಒಮ್ಮೆ ಕುಕ್ಕರು, ಒಮ್ಮೆ ಸೋಲಾರ್ ದೀಪ ಹಂಚಿದರು. ಮೂರು ವರ್ಷಗಳ ಹಿಂದೆ ನಾನು ಶ್ರವಣಸಾಧನ ಪಡೆದ ಹನ್ನೊಂದು ಮಂದಿಯ ಮನೆಗೆ ಹೋಗಿ ನೋಡಿದೆ, ದಿನವೂ ಧರಿಸುತ್ತಿದ್ದವರು ಇಬ್ಬರೇ. ಉಳಿದವರಲ್ಲಿ ಹೆಚ್ಚಿನವರು ಹೇಳಿದ ಕಾರಣ ಬ್ಯಾಟರಿ. ನಮ್ಮ ಕಡೆ ಆರು ಬ್ಯಾಟರಿಯ ಒಂದು ಪಟ್ಟಿಗೆ 200ರಿಂದ 250 ರೂಪಾಯಿ. ಎರಡೂ ಕಿವಿಗೆ ವರ್ಷಕ್ಕೆ ಸುಮಾರು 50 ಬ್ಯಾಟರಿ ಬೇಕು. ಅದನ್ನು ಮಾರುವ ಅಂಗಡಿ ತಾಲ್ಲೂಕು ಕೇಂದ್ರದಲ್ಲೂ ಇಲ್ಲ, ಹುಬ್ಬಳ್ಳಿಗೋ ದಾವಣಗೆರೆಗೋ ಹೋಗಬೇಕು. ಕೂಲಿ ಬಿಟ್ಟು ಬಸ್ಸಿನ ಖರ್ಚು ಹಾಕಿಕೊಂಡು ಬ್ಯಾಟರಿಗಾಗಿ ಯಾರು ಹೋಗುತ್ತಾರೆ?

ಅದನ್ನೇ ಒಂದು ಹಾಳೆಯಲ್ಲಿ ಬರೆದು ಗ್ರಾಮಸಭೆಯಲ್ಲಿ ಓದಿದೆ. ಬ್ಯಾಟರಿ ಮುಗಿದುಹೋಗುವ ವಸ್ತು, ಸಾಧನವಲ್ಲ, ಲೆಕ್ಕ ತಪಾಸಣೆಯಲ್ಲಿ ಆಕ್ಷೇಪ ಬರುತ್ತದೆ ಎಂದರು. ಕೊನೆಗೆ "ಶ್ರವಣಸಾಧನದ ನಿರ್ವಹಣೆ" ಎಂಬ ಹೆಸರಿನಲ್ಲಿ ನಿರ್ಣಯ ಬರೆಸಿ, ಫಲಾನುಭವಿಗಳ ಸಹಿ ಪುಸ್ತಕ ಇಡುವ ಷರತ್ತಿನ ಮೇಲೆ ಒಪ್ಪಿಸಿದೆವು. ಮುಗಿದ ಬ್ಯಾಟರಿ ತಂದುಕೊಟ್ಟರೆ ಹೊಸದು. ಮುಗಿದ ಬ್ಯಾಟರಿ ಕೈಗೆ ಬಂದಾಗ ಆ ಮನೆಯಲ್ಲಿ ಸಾಧನ ಬಳಕೆಯಲ್ಲಿದೆ ಎಂಬುದು ನನಗೆ ತಿಳಿಯುತ್ತದೆ. ತಿಂಗಳಾದರೂ ತಾರದಿದ್ದರೆ ನಾನೇ ಗಾಡಿ ತೆಗೆದುಕೊಂಡು ಹೋಗುತ್ತೇನೆ.

ಪ್ರತಿಕ್ರಿಯೆ 3: ಆಶಾ ಕಾರ್ಯಕರ್ತೆ, ಕೊಪ್ಪಳ ಜಿಲ್ಲೆ

ನಾನು ಇದಕ್ಕೂ ಹಿಂದಿನ ಹಂತದ ಬಗ್ಗೆ ಬರೆಯುತ್ತೇನೆ. ಏಳು ವರ್ಷದವರೆಗೆ ಕಾಯದೆ ಆರು ತಿಂಗಳಲ್ಲೇ ಗೊತ್ತಾಗಬೇಕಾದರೆ ಬಾಣಂತಿಯ ಕೋಣೆಗೆ ಹೋಗುವವರು ನಾವು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವಿನ ಮನೆಗೆ 3, 7, 14, 21, 28 ಮತ್ತು 42ನೆಯ ದಿನ ಭೇಟಿ ಕೊಡುತ್ತೇವೆ, ಆಮೇಲೆ 3, 6, 9, 12, 15ನೆಯ ತಿಂಗಳಲ್ಲಿ ಮತ್ತೆ ಹೋಗುತ್ತೇವೆ. ಇಷ್ಟು ಸಲ ಒಂದೇ ಮನೆಯ ಹೊಸ್ತಿಲು ತುಳಿಯುವ ಬೇರೆ ಯಾವ ಸಿಬ್ಬಂದಿಯೂ ಇಲ್ಲ. ತೂಕ ನೋಡುತ್ತೇವೆ, ಉಷ್ಣಾಂಶ ನೋಡುತ್ತೇವೆ. ಬಾಗಿಲು ದಡಾರನೆ ಬಡಿದಾಗ ಕೂಸು ಬೆಚ್ಚುತ್ತದೆಯೇ, ನಾಲ್ಕೈದು ತಿಂಗಳಿಗೆ ಅವ್ವನ ದನಿ ಬಂದ ಕಡೆ ಕತ್ತು ತಿರುಗಿಸುತ್ತದೆಯೇ ಎಂದು ಕೇಳುವುದಕ್ಕೆ ಅರ್ಧ ನಿಮಿಷ ಸಾಕು. ನಾನು ಈಗ ಪ್ರತಿ ಭೇಟಿಯಲ್ಲೂ ಕೇಳುತ್ತೇನೆ. ಅನುಮಾನ ಬಂದರೆ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರುವ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಕ್ಕಾಗಿ ಕಾಯದೆ, ನೇರವಾಗಿ ಜಿಲ್ಲಾಸ್ಪತ್ರೆಗೆ ಕಳುಹಿಸುತ್ತೇನೆ.

ತೊಡಕು ಬರುವುದು ಹಿರಿಯರಿಂದ. "ಅವರಪ್ಪನಿಗೂ ಮಾತು ತಡವಾಗಿಯೇ ಬಂತು" ಎಂಬ ಒಂದು ಮಾತಿನಲ್ಲಿ ಎರಡು ವರ್ಷ ಕಳೆದುಹೋಗುತ್ತದೆ. ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾರೆ, ಹರಕೆ ಹೊರುತ್ತಾರೆ. ನಾನು ಬಜೆಯನ್ನಾಗಲಿ ಹರಕೆಯನ್ನಾಗಲಿ ಹಳಿಯಲು ಹೋಗುವುದಿಲ್ಲ, ಹಳಿದರೆ ಮರುದಿನ ಬಾಗಿಲು ತೆರೆಯುವುದಿಲ್ಲ. "ಬಜೆ ನಾಲಿಗೆಗೆ ಆಯಿತಮ್ಮ, ಕಿವಿಯನ್ನು ಯಾರಿಗೆ ತೋರಿಸಿದಿರಿ?" ಎಂದು ಕೇಳುತ್ತೇನೆ. ಆದರೆ ಕಿವಿ ಸೋರುವ ಮಗುವಿಗೆ ಕಾಯಿಸಿದ ಎಣ್ಣೆ ಬಿಡುವುದನ್ನು, ಪಿನ್ನಿನಿಂದ ಕೆದಕುವುದನ್ನು ಮಾತ್ರ ಬಿಗಿಯಾಗಿ ತಡೆಯುತ್ತೇನೆ. ವರ್ಷಗಟ್ಟಲೆ ಸೋರುವ ಕಿವಿ ಕೇಳುವ ಶಕ್ತಿಯನ್ನೇ ತಿಂದುಬಿಡುತ್ತದೆ, ಮತ್ತು ಅದು ಚಿಕಿತ್ಸೆಯಿಂದ ನಿಲ್ಲುವಂಥದ್ದು.

2017ರ ಫೆಬ್ರವರಿಯಲ್ಲಿ ದಡಾರ ರುಬೆಲ್ಲಾ ಲಸಿಕೆಯ ಅಭಿಯಾನ ಮೊದಲು ಆರಂಭವಾದ ರಾಜ್ಯಗಳಲ್ಲಿ ನಮ್ಮದೂ ಒಂದು. 9 ತಿಂಗಳಿಂದ 15 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹಾಕಬೇಕಿತ್ತು. ಆಗ ವಾಟ್ಸ್ಆ್ಯಪ್‌ನಲ್ಲಿ ಈ ಸೂಜಿಯಿಂದ ಮುಂದೆ ಮಕ್ಕಳಾಗುವುದಿಲ್ಲ ಎಂಬ ಸುದ್ದಿ ಹಬ್ಬಿ, ನಮ್ಮ ಒಂದು ಓಣಿಯವರು ಮಕ್ಕಳನ್ನು ಶಾಲೆಗೇ ಕಳುಹಿಸದೆ ಕೂತರು. ಕರಪತ್ರ ಹಂಚಿದ್ದರಿಂದ ಏನೂ ಆಗಲಿಲ್ಲ. ಆ ಓಣಿಯ ಒಬ್ಬ ಅಜ್ಜಿಯ ಮೊಮ್ಮಗ ಹುಟ್ಟುತ್ತಲೇ ಕಣ್ಣಿನಲ್ಲಿ ಪೊರೆ, ಕಿವುಡು, ಹೃದಯದ ತೊಂದರೆ ಮೂರನ್ನೂ ಹೊತ್ತು ಬಂದಿದ್ದ. ಬಸಿರಿನ ಮೊದಲ ತಿಂಗಳುಗಳಲ್ಲಿ ಸೊಸೆಗೆ ಜ್ವರ ಬಂದು ಮೈಮೇಲೆ ಸಣ್ಣ ಗುಳ್ಳೆ ಎದ್ದದ್ದು ಅಜ್ಜಿಗೆ ನೆನಪಿತ್ತು. ಬಸುರಿಗೆ ರುಬೆಲ್ಲಾ ತಗುಲಿದರೆ ಕೂಸಿಗೆ ಹೀಗಾಗಬಹುದು ಎಂದು ವೈದ್ಯರು ಅವರಿಗೆ ಹೇಳಿದ್ದರು. ಆ ಅಜ್ಜಿಯೇ ಕಟ್ಟೆಯ ಮೇಲೆ ಕೂತು ಇದನ್ನು ಹೇಳಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಬಂದರು.

ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿಯ ಬಗ್ಗೆಯೂ ಮಾತಾಡಬೇಕು. ನಮ್ಮ ರಾಜ್ಯದಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಮದುವೆ ರಕ್ತಸಂಬಂಧದಲ್ಲೇ ಆಗುತ್ತದೆ, ಹುಟ್ಟಿನಿಂದ ಬರುವ ಕಿವುಡಿನ ಸಾಧ್ಯತೆ ಅದರಿಂದ ಹೆಚ್ಚುತ್ತದೆ. ಇದನ್ನು ಮದುವೆಗೆ ಮೊದಲು, ಕಿಶೋರಿಯರ ಸಭೆಯಲ್ಲಿ ಹೇಳಬೇಕೇ ಹೊರತು, ಮಗು ಹುಟ್ಟಿದ ಮೇಲೆ ತಾಯಿಯ ಮುಂದೆ ಹೇಳಬಾರದು. ಒಮ್ಮೆ ನಾನೇ ಹಾಗೆ ಹೇಳಿ ಒಬ್ಬ ಹೆಣ್ಣುಮಗಳನ್ನು ಅಳಿಸಿದ್ದೇನೆ. ಅದು ಇಂದಿಗೂ ನನ್ನನ್ನು ಕಾಡುತ್ತದೆ.

ಪ್ರತಿಕ್ರಿಯೆ 4: ಕಿವುಡ ಓದುಗ, ಬೆಂಗಳೂರು

ನಾನು ಹುಟ್ಟಿನಿಂದ ಕಿವುಡ. ಈ ಚರ್ಚೆಯನ್ನು ಮೊದಲಿನಿಂದ ಓದಿದೆ. ಎಲ್ಲರ ಕಳಕಳಿ ನಿಜವಾದದ್ದು ಎಂದು ತಿಳಿದೇ ಒಂದು ಆಕ್ಷೇಪವನ್ನು ಇಡುತ್ತಿದ್ದೇನೆ.

ಇಲ್ಲಿಯವರೆಗಿನ ಬರಹಗಳಲ್ಲಿ ಆರೋಗ್ಯ ಜಾಗೃತಿ ಎಂದರೆ ನನ್ನಂಥವರು ಹುಟ್ಟದಂತೆ ನೋಡಿಕೊಳ್ಳುವುದು, ಪುನರ್ವಸತಿ ಎಂದರೆ ಹುಟ್ಟಿದವರನ್ನು ಕೇಳುವವರ ಹಾಗೆ ಮಾಡುವುದು ಎಂಬಂತೆ ತೋರುತ್ತದೆ. ಲಸಿಕೆಯನ್ನು ನಾನು ವಿರೋಧಿಸುವುದಿಲ್ಲ, ಸೋರುವ ಕಿವಿಗೆ ಚಿಕಿತ್ಸೆ ಬೇಡವೆನ್ನುವುದಿಲ್ಲ. ಆದರೆ ಆಸ್ಪತ್ರೆಯ ಗೋಡೆಯ ಮೇಲೆ ಅಳುವ ಮಗುವಿನ ಚಿತ್ರ ಬರೆದು ಕಿವುಡುತನವನ್ನು ಶತ್ರುವಿನಂತೆ ತೋರಿಸಿದಾಗ, ಅದೇ ಗೋಡೆಯ ಕೆಳಗೆ ಚೀಟಿಗಾಗಿ ನಿಂತಿರುವ ಕಿವುಡ ತಾಯಿಗೆ ಏನು ಅನ್ನಿಸುತ್ತದೆ ಎಂದು ಯಾರಾದರೂ ಯೋಚಿಸಿದ್ದೀರಾ? ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 1995ರ ಕಾಯ್ದೆಯಲ್ಲಿದ್ದ 7 ಬಗೆಯ ಅಂಗವೈಕಲ್ಯಗಳು 21 ಆದವು, ಸಂವಹನ ಎಂಬ ಪದದ ವ್ಯಾಖ್ಯೆಯಲ್ಲೇ ಸಂಜ್ಞಾಭಾಷೆ ಸೇರಿತು. ನಮ್ಮ ಕೈಗಳು ಆಡುವುದು ಭಾಷೆ ಎಂದು ಕಾನೂನು ಒಪ್ಪಿದ ಮೇಲೂ, ಆ ಏಳು ವರ್ಷದ ಹುಡುಗಿಗೆ ಭಾಷೆಯೇ ಇಲ್ಲ ಎಂಬ ದುಃಖದಲ್ಲಿ ಯಾರೂ ಸಂಜ್ಞೆಯ ಹೆಸರೆತ್ತಲಿಲ್ಲ.

ಇನ್ನೊಂದು ಸಂಗತಿ. ಆರೋಗ್ಯದ ತಿಳಿವಳಿಕೆ ಕಿವುಡರನ್ನು ತಲುಪುತ್ತಿದೆಯೇ? ಜಾಥಾ, ಧ್ವನಿವರ್ಧಕ, ರೇಡಿಯೊ, ಬೀದಿನಾಟಕ ಎಲ್ಲವೂ ಕೇಳುವವರಿಗಾಗಿ. ಆರೋಗ್ಯ ಸಹಾಯವಾಣಿ 104, ಆಂಬುಲೆನ್ಸಿಗೆ 108 ಎಂದು ಬರೆದಿರುತ್ತದೆ, ಕರೆಯಲ್ಲಿ ಮಾತಾಡಲಾರದವನು ಏನು ಮಾಡಬೇಕು? ಕೊರೊನಾ ಕಾಲದಲ್ಲಿ ಎಲ್ಲರೂ ಮುಖಗವಸು ಹಾಕಿದಾಗ ತುಟಿ ನೋಡಿ ಅರ್ಥಮಾಡಿಕೊಳ್ಳುತ್ತಿದ್ದ ನಮ್ಮ ಅರ್ಧ ಲೋಕ ಮುಚ್ಚಿಹೋಯಿತು. ನನ್ನ ತಂಗಿಯೂ ಕಿವುಡಿ. ಅವಳ ಮೊದಲ ಹೆರಿಗೆ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಆಯಿತು. ಒಳಗೆ ಮನೆಯವರನ್ನು ಬಿಡಲಿಲ್ಲ, ದಾದಿಯರು ಮುಖಗವಸಿನ ಹಿಂದಿನಿಂದ ಕೂಗಿ ಹೇಳಿದ್ದು ಅವಳಿಗೆ ತಿಳಿಯಲಿಲ್ಲ, ಹೇಳಿದ ಹಾಗೆ ಕೇಳುತ್ತಿಲ್ಲವೆಂದು ಒಬ್ಬರು ತೊಡೆಗೆ ಹೊಡೆದರು. ಅವಳು ಇದನ್ನು ಮೂರು ತಿಂಗಳ ನಂತರ ನನಗೆ ಕೈಯಲ್ಲಿ ಹೇಳಿದಾಗ ಅವಳ ಬೆರಳುಗಳು ನಡುಗುತ್ತಿದ್ದವು. ಆ ಹೊತ್ತಿನಲ್ಲಿ ಅವಳ ಪಕ್ಕದಲ್ಲಿ ಸಂಜ್ಞೆ ಬಲ್ಲ ಒಬ್ಬ ಸಮಾಜಕಾರ್ಯಕರ್ತೆ ಇದ್ದಿದ್ದರೆ ಸಾಕಿತ್ತು.

ಪ್ರತಿಕ್ರಿಯೆ 5: ಮೂಲ ಬರಹಗಾರ್ತಿ

ಮೇಲಿನ ಬರಹವನ್ನು ಎರಡು ಸಲ ಓದಿ, ಒಂದು ದಿನ ಬಿಟ್ಟು ಉತ್ತರಿಸುತ್ತಿದ್ದೇನೆ. ನಿಮ್ಮ ಆಕ್ಷೇಪ ಸರಿಯಾಗಿದೆ. "ಸಾಧನ ಬಳಕೆಯಲ್ಲಿದೆಯೇ" ಎಂಬುದನ್ನೇ ನಾನು ಕೊನೆಯ ಪ್ರಶ್ನೆ ಎಂದುಕೊಂಡಿದ್ದೆ. ಆ ಮನೆಯಲ್ಲಿ ಹುಡುಗಿಯೊಡನೆ ಯಾರು, ಯಾವ ಭಾಷೆಯಲ್ಲಿ, ದಿನಕ್ಕೆ ಎಷ್ಟು ಹೊತ್ತು ಮಾತಾಡುತ್ತಾರೆ ಎಂಬುದು ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯಾಗಿತ್ತು. ನಾನು ಅಲ್ಲಿದ್ದ ಒಂದೂವರೆ ಗಂಟೆಯಲ್ಲಿ ಅವಳ ಕಡೆ ತಿರುಗಿ ಯಾರೂ ಏನನ್ನೂ ಹೇಳಲಿಲ್ಲ, ನಾನೂ ಸೇರಿದಂತೆ. ತಟ್ಟೆಯನ್ನು ಮುಂದಿಟ್ಟರು, ಹೆಗಲು ತಟ್ಟಿ ಎಬ್ಬಿಸಿದರು, ಅಷ್ಟೇ. ಇದನ್ನು ಬರೆಯುವಾಗಲೇ ನನಗೆ ಇದು ಹೊಳೆಯಿತು.

ನಿಮ್ಮ ತಂಗಿಗೆ ಆದದ್ದನ್ನು ಓದಿ ಏನು ಹೇಳಬೇಕೆಂದು ತಿಳಿಯುತ್ತಿಲ್ಲ. ನಮ್ಮ ತಾಲ್ಲೂಕಿನ ಗರ್ಭಿಣಿಯರ ಪಟ್ಟಿಯಲ್ಲಿ ಕಿವುಡ ಹೆಣ್ಣುಮಕ್ಕಳು ಯಾರಿದ್ದಾರೆ ಎಂದು ಆಶಾ ಕಾರ್ಯಕರ್ತೆಯರನ್ನು ಕೇಳಿದ್ದೇನೆ. ಇಬ್ಬರು ಇದ್ದಾರೆ. ಅವರ ತಾಯಿ ಕಾರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಇವರಿಗೆ ಕೇಳಿಸುವುದಿಲ್ಲ, ಎದುರು ನಿಂತು ಮುಖ ತೋರಿಸಿ ಹೇಳಿರಿ, ಜೊತೆಗಾರರನ್ನು ಒಳಗೆ ಬಿಡಿರಿ ಎಂದು ಬರೆಸಲು, ಹೆರಿಗೆ ಕೋಣೆಗೆ ಬೇಕಾದ ಹತ್ತು ಹನ್ನೆರಡು ಚಿತ್ರಗಳ ಒಂದು ಹಾಳೆ ಮಾಡಲು ವೈದ್ಯಾಧಿಕಾರಿಗಳು ಒಪ್ಪಿದ್ದಾರೆ. ಯಾವ ಚಿತ್ರಗಳು ಬೇಕು ಎಂಬುದನ್ನು ನಿಮ್ಮ ತಂಗಿಯವರು ಹೇಳಿಕೊಟ್ಟರೆ ನಮಗೆ ದೊಡ್ಡ ಉಪಕಾರವಾಗುತ್ತದೆ.

ಪ್ರತಿಕ್ರಿಯೆ 6: ಒಬ್ಬ ತಾಯಿ, ದಕ್ಷಿಣ ಕನ್ನಡ ಜಿಲ್ಲೆ

ನನ್ನ ಮಗನಿಗೆ ಮೂರೂವರೆ ವರ್ಷವಾದಾಗ ಕಾಕ್ಲಿಯರ್ ಇಂಪ್ಲಾಂಟ್, ಎಂದರೆ ಶಬ್ದದ ಸಂಕೇತವನ್ನು ನೇರವಾಗಿ ಕಿವಿಯ ನರಕ್ಕೆ ಮುಟ್ಟಿಸುವ ಯಂತ್ರವನ್ನು ಒಳಗೆ ಕೂರಿಸುವ ಶಸ್ತ್ರಚಿಕಿತ್ಸೆ, ಉಚಿತವಾಗಿ ಆಯಿತು. ಅದಕ್ಕಾಗಿ ನಾನು ಋಣಿ. ಆದರೆ ಆಪರೇಷನ್ ಆದ ದಿನ ಎಲ್ಲ ಮುಗಿಯಿತು ಎಂದು ನಾವೆಲ್ಲ ತಿಳಿದಿದ್ದೆವು, ಕೆಲಸ ಆರಂಭವಾದದ್ದು ಅಲ್ಲಿಂದ. ಯಂತ್ರವನ್ನು ಮಗುವಿಗೆ ಹೊಂದಿಸಲು ಮತ್ತೆ ಮತ್ತೆ ಹೋಗಬೇಕು. ವಾರಕ್ಕೆ ಎರಡು ದಿನ ಮಂಗಳೂರಿನಲ್ಲಿ ಮಾತಿನ ತರಬೇತಿ, ಅದು ವರ್ಷಗಟ್ಟಲೆ. ತಲೆಯ ಮೇಲೆ ಅಂಟಿಕೊಳ್ಳುವ ಕಾಯಿಲ್, ಅದರ ತಂತಿ ಕಿತ್ತುಹೋದರೆ ಸಾವಿರಗಟ್ಟಲೆ ಖರ್ಚು. ತಂತಿ ತುಂಡಾದ ಒಂದು ಸಲ ನನ್ನ ಮಗ ಒಂದೂವರೆ ತಿಂಗಳು ಏನನ್ನೂ ಕೇಳಲಿಲ್ಲ, ಅಷ್ಟು ಹಣ ಹೊಂದಿಸುವವರೆಗೆ.

ಬಸ್ಸಿನ ವಿಷಯ ಹೇಳಬೇಕು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣವಿದೆ, ಅಂಗವಿಕಲರಿಗೆ 100 ಕಿಲೋಮೀಟರ್‌ವರೆಗೆ ರಿಯಾಯಿತಿ ಪಾಸ್ ಇದೆ. ಆದರೆ ನಮ್ಮ ಕರಾವಳಿಯಲ್ಲಿ ಓಡುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವು, ನಮ್ಮ ಊರಿನ ದಾರಿಯಲ್ಲಂತೂ ಎಲ್ಲವೂ. ವಾರಕ್ಕೆ ಎರಡು ಸಲ ಹೋಗಿಬರುವ ಖರ್ಚು ಮತ್ತು ಬೀಡಿ ಕಟ್ಟುವ ಎರಡು ದಿನದ ದುಡಿಮೆ ಎರಡೂ ಹೋಗುತ್ತಿದ್ದವು. ನಾನು ಬಿಟ್ಟುಬಿಡುವ ಹಂತದಲ್ಲಿದ್ದಾಗ ಒಬ್ಬ ಸಮಾಜಕಾರ್ಯಕರ್ತೆ ಮನೆಗೆ ಬಂದರು. ಅವರು ಉಪನ್ಯಾಸ ಕೊಡಲಿಲ್ಲ. ಒಂದು ಹಾಳೆಯಲ್ಲಿ ನಮ್ಮೂರಿನಿಂದ ಎಷ್ಟು ದೂರ ನಡೆದರೆ ಸರ್ಕಾರಿ ಬಸ್ಸು ಸಿಗುತ್ತದೆ, ಅದು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಬರೆದು, ತರಬೇತಿಯ ಸಮಯವನ್ನು ಅದಕ್ಕೆ ಹೊಂದುವಂತೆ ಬದಲಾಯಿಸಿಕೊಟ್ಟರು. ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಗೆ ನಾನು ಸುಮ್ಮನೆ ಅಲೆಯುತ್ತಿದ್ದೆ. ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯಕ್ಕೆ ಮಾತ್ರ, ಕಿವುಡು ಒಂದೇ ಇದ್ದರೆ ಬರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿ ನನ್ನ ಅಲೆದಾಟ ನಿಲ್ಲಿಸಿದರು. ಇಲ್ಲ ಎನ್ನುವುದನ್ನು ಸರಿಯಾದ ಸಮಯಕ್ಕೆ ಹೇಳುವುದೂ ಸಹಾಯವೇ.

ಅವರು ಮಾಡಿದ ಇನ್ನೊಂದು ಕೆಲಸವನ್ನು ನಾನು ಮರೆಯುವುದಿಲ್ಲ. ನಮ್ಮ ಮನೆಯಲ್ಲಿ ಮಗುವಿನ ತೊಂದರೆಗೆ ನನ್ನ ಕಡೆಯವರ ರಕ್ತವೇ ಕಾರಣ ಎಂಬ ಮಾತು ನಡೆಯುತ್ತಿತ್ತು. ಅವರು ನನ್ನ ಗಂಡನನ್ನೂ ಅತ್ತೆಯನ್ನೂ ಒಮ್ಮೆ ತರಬೇತಿಯ ಕೋಣೆಗೆ ಕರೆದುಕೊಂಡು ಬಂದು ಕೂರಿಸಿದರು. ತಜ್ಞರು ಮಗನ ಹಿಂದೆ ನಿಂತು ಹೆಸರು ಕರೆದಾಗ ಅವನು ತಿರುಗಿದ್ದನ್ನು ಅತ್ತೆ ನೋಡಿದರು. ಅಂದಿನಿಂದ ಸಂಜೆ ಕಥೆ ಹೇಳುವ ಕೆಲಸ ಅತ್ತೆಯದು, ತುಳುವಿನಲ್ಲಿ.

ಪ್ರತಿಕ್ರಿಯೆ 7: ಸಮಾಜಕಾರ್ಯ ಸ್ನಾತಕೋತ್ತರ ವಿದ್ಯಾರ್ಥಿ, ಧಾರವಾಡ

ನಮ್ಮ ಕ್ಷೇತ್ರಕಾರ್ಯದಲ್ಲಿ ವಾರಕ್ಕೆ ಎರಡು ದಿನ ಹಳ್ಳಿಗೆ ಹೋಗುತ್ತೇವೆ. ಬೀದಿನಾಟಕ, ಜಾಥಾ, ಭಿತ್ತಿಪತ್ರ ಇವುಗಳಿಗೆ ವರದಿ ಬರೆಯುವುದು ಸುಲಭ, ಎಷ್ಟು ಜನ ಸೇರಿದರು ಎಂಬ ಸಂಖ್ಯೆ ಇರುತ್ತದೆ. ಒಂದೇ ಮನೆಗೆ ಎಂಟು ಸಲ ಹೋದರೆ ವರದಿಯಲ್ಲಿ "ಫಲಾನುಭವಿಗಳು: 1" ಎಂದಾಗುತ್ತದೆ, ಅಂಕವೂ ಕಡಿಮೆ ಬರುತ್ತದೆ. ಇದಕ್ಕೆ ಏನು ಪರಿಹಾರ?

ಪ್ರತಿಕ್ರಿಯೆ 8: ನಿವೃತ್ತ ಮನೋವೈದ್ಯಕೀಯ ಸಮಾಜಕಾರ್ಯಕರ್ತ, ಬಳ್ಳಾರಿ

ವಿದ್ಯಾರ್ಥಿ ಮಿತ್ರರೇ, ಎಂಟನೆಯ ಭೇಟಿಯಲ್ಲಿ ಏನು ಬದಲಾಯಿತು ಎಂಬುದನ್ನು ಬರೆಯಿರಿ. ಮೊದಲ ಭೇಟಿಯಲ್ಲಿ ಬಾಗಿಲಲ್ಲೇ ನಿಲ್ಲಿಸಿದವರು ಎಂಟನೆಯದರಲ್ಲಿ ಒಳಗೆ ಕರೆದು ಏನನ್ನು ತೋರಿಸಿದರು ಎಂಬುದನ್ನು ಬರೆಯಿರಿ. ಅಧ್ಯಾಪಕರು ಒಪ್ಪದಿದ್ದರೂ ನಿಮ್ಮ ದಿನಚರಿಯಲ್ಲಿ ಅದು ಉಳಿಯಲಿ.

1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮಾನಸಿಕ ಚಿಕಿತ್ಸೆ ಕೊಡುವ ಪ್ರಯೋಗ ನಡೆಸಿತು. ಮುಂದೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಆ ಕೆಲಸದಿಂದ ನಾನು ಕಲಿತದ್ದು ಇಷ್ಟು: ಔಷಧಿಯ ಪೊಟ್ಟಣ ಊರಿಗೆ ತಲುಪಿದರೆ ಸಾಲದು, ಮಾತ್ರೆ ತಪ್ಪಿಸಿದ ಮೊದಲ ವಾರದಲ್ಲೇ ಯಾರಾದರೂ ಆ ಮನೆಗೆ ಹೋಗಬೇಕು. ಮೂರು ತಿಂಗಳಾದ ಮೇಲೆ ಹೋದರೆ ರೋಗಿ ಮತ್ತೆ ಕೋಣೆಯೊಳಗೆ ಸೇರಿರುತ್ತಾನೆ, ಮನೆಯವರು ಮತ್ತೆ ನಂಬಿಕೆ ಕಳೆದುಕೊಂಡಿರುತ್ತಾರೆ. ಹಾವೇರಿಯ ಮಿತ್ರರು ಮುಗಿದ ಬ್ಯಾಟರಿಯನ್ನು ಎಣಿಸುವ ಪದ್ಧತಿ ನನಗೆ ಬಹಳ ಹಿಡಿಸಿತು. ನಾವು ಖಾಲಿಯಾದ ಮಾತ್ರೆಯ ಪಟ್ಟಿಗಳನ್ನು ಎಣಿಸುತ್ತಿದ್ದೆವು. ಆ ನಿರ್ಣಯದ ಪ್ರತಿಯನ್ನು ಹೆಸರುಗಳನ್ನು ತೆಗೆದು ಇಲ್ಲಿ ಹಾಕಲು ಸಾಧ್ಯವೇ?

ಪ್ರತಿಕ್ರಿಯೆ 9: ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಹಾವೇರಿ ಜಿಲ್ಲೆ

ಖಂಡಿತ ಹಾಕುತ್ತೇನೆ. ನಿರ್ಣಯದಲ್ಲಿ ಬ್ಯಾಟರಿಯ ಜೊತೆಗೆ ಕಿವಿಯ ಅಚ್ಚು ಮತ್ತು ಇಂಪ್ಲಾಂಟ್ ತಂತಿಯನ್ನೂ ಸೇರಿಸಬೇಕೆಂದು ಮಂಗಳೂರಿನ ಕಡೆಯ ತಾಯಿಯವರ ಬರಹ ಓದಿದ ಮೇಲೆ ಅನ್ನಿಸಿದೆ. ಮುಂದಿನ ಗ್ರಾಮಸಭೆಗೆ ತಿದ್ದುಪಡಿ ಬರೆಯುತ್ತಿದ್ದೇನೆ.

ಪ್ರತಿಕ್ರಿಯೆ 10: ಮೂಲ ಬರಹಗಾರ್ತಿ

ನಾಲ್ಕು ತಿಂಗಳ ನಂತರ ಬರೆಯುತ್ತಿದ್ದೇನೆ. ಹುಡುಗಿಯನ್ನು ಜಿಲ್ಲಾಸ್ಪತ್ರೆಗೆ ಕರೆದೊಯ್ದೆವು. ಒಂದು ಸಾಧನ ದುರಸ್ತಿಯಾಯಿತು, ಇನ್ನೊಂದು ಆಗಲಿಲ್ಲ, ಹೊಸದಕ್ಕೆ ಅರ್ಜಿ ಹಾಕಿದ್ದೇವೆ. ಹೊಸ ಅಚ್ಚು ಬಂದಿದೆ. ಮೊದಲ ವಾರ ದಿನಕ್ಕೆ ಹತ್ತು ನಿಮಿಷವೂ ಇಟ್ಟುಕೊಳ್ಳಲಿಲ್ಲ, ಈಗ ಶಾಲೆಯಿಂದ ಬಂದ ಮೇಲೆ ಸಂಜೆಯವರೆಗೆ ಇರುತ್ತದೆ. ಮಾತು ಬಂದಿಲ್ಲ. ಹಿಂದಿನಿಂದ ತಟ್ಟೆ ಬಡಿದರೆ ತಿರುಗುತ್ತಾಳೆ.

ಪಕ್ಕದ ತಾಲ್ಲೂಕಿನ ಕಿವುಡ ದಂಪತಿ ಎರಡು ಭಾನುವಾರಕ್ಕೊಮ್ಮೆ ಬಂದು ಮನೆಯವರಿಗೆಲ್ಲ ಸಂಜ್ಞೆ ಕಲಿಸುತ್ತಿದ್ದಾರೆ. ಹೋದ ವಾರ ನಾನು ಹೋದಾಗ ಹುಡುಗಿ ಅಂಗಳದಲ್ಲಿ ನಿಂತು, ಎರಡು ಕೈಯನ್ನೂ ಮೇಲಿನಿಂದ ಕೆಳಗೆ ಬೆರಳಾಡಿಸುತ್ತ ಇಳಿಸಿ, ಮಳೆ ಎಂದು ನನಗೆ ಹೇಳಿದಳು. ನನಗೆ ಉತ್ತರಿಸಲು ಬರಲಿಲ್ಲ. ಅವಳ ಅಜ್ಜನೇ ಕೊಡೆ ಬಿಚ್ಚುವ ಸಂಜ್ಞೆ ಮಾಡಿ, ನನ್ನ ಪರವಾಗಿ ಉತ್ತರಿಸಿದರು. ಶ್ರವಣಸಾಧನವಿದ್ದ ಡಬ್ಬಿಯಲ್ಲಿ ಈಗ ಸಿಲಿಕಾ ಹರಳುಗಳಿವೆ, ಅದು ದೇವರ ಗೂಡಿನ ಕೆಳಗಿಂದ ಎದ್ದು ಶಾಲೆಯ ಚೀಲದ ಮೊಳೆಯ ಪಕ್ಕದ ಗೂಡಿಗೆ ಬಂದಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಬ್ಯಾಟರಿ ಬದಲಿಸಿದ ದಿನಗಳಿಗೆ ತಾಯಿ ಕುಂಕುಮದ ಚುಕ್ಕೆ ಇಟ್ಟಿದ್ದಾರೆ. ನಾನು ನೋಡಿದಾಗ ಏಳು ಚುಕ್ಕೆಗಳಿದ್ದವು.